ಪಾಳು ವಾಡೆಯಲ್ಲಿ ಒಂದು ರಾತ್ರಿ ಕಾವಲು: ಏನು ಒಯ್ಯಬೇಕು, ಏನು ಅಳೆಯಬೇಕು, ಎಲ್ಲಿ ಎಡವುತ್ತಾರೆ

ಕತ್ತಲ_ದಾರಿ:
ಬಾಗಲಕೋಟೆ ಜಿಲ್ಲೆಯ, ದೆವ್ವವಿದೆ ಎಂದು ಜನ ಹೇಳುವ ಒಂದು ಹಳೇ ದೇಸಾಯರ ವಾಡೆಯಲ್ಲಿ ರಾತ್ರಿಯಿಡೀ ಕಾವಲು ಕೂತು ನೋಡುವ ಯೋಜನೆ ಇದೆ. ಜನ ನುಗ್ಗಬಾರದೆಂದು ಊರಿನ ಹೆಸರು ಹಾಕುತ್ತಿಲ್ಲ. ದಿಡ್ಡಿ ಬಾಗಿಲು, ಅಂಗಳ, ಎರಡು ಪಡಸಾಲೆ ಗಟ್ಟಿಯಾಗಿ ನಿಂತಿವೆ. ಹಿಂದಿನ ಮಾಳಿಗೆ ಅರ್ಧ ಕುಸಿದಿದೆ. ಊರವರು ಹೇಳುವುದು ಮೂರು ಸಂಗತಿ: ಮಧ್ಯರಾತ್ರಿ ಮೇಲೆ ಯಾರೋ ನಡೆದಾಡುವ ಸದ್ದು, ಒಳಕೋಣೆಯಲ್ಲಿ ತಟ್ಟನೆ ತಣ್ಣಗಾಗುವುದು, ಹೆಂಗಸು ಚೀರಿದಂಥ ದನಿ. ಆರು ಜನ ಇದ್ದೇವೆ. ಕೈಯಲ್ಲಿರುವುದು ಕಾಂತಕ್ಷೇತ್ರ ತೋರಿಸುವ ಒಂದು ಕೆ-2 ಮೀಟರ್, ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್, ಪ್ರೇತದ ಮಾತು ಹಿಡಿಯುತ್ತದೆ ಎನ್ನುವ ಒಂದು ಸ್ಪಿರಿಟ್ ಬಾಕ್ಸ್, ಫೋನುಗಳು. ಮಾಲೀಕರು ಬಾಯಿಮಾತಲ್ಲಿ ಒಪ್ಪಿದ್ದಾರೆ. ಇನ್ನೇನು ಬೇಕು, ಯಾವ ಕ್ರಮದಲ್ಲಿ ಮಾಡಬೇಕು?

ಮುದ್ದೇಬಿಹಾಳ_ಮಂದಿ:
ಮೀಟರ್ ಗೀಟರ್ ಆಮ್ಯಾಲ ನೋಡೂಣ್ರಿ. ಮೊದಲ ಆ ಮನೀ ಹಿರ್‍ಯಾರನ್ನ ಹಿಡದು ಹಗೇವು ಎಲ್ಲೆಲ್ಲಿ ಅದಾವ ಅಂತ ಕೇಳ್ರಿ. ವಾಡೇದಾಗ ಅಂಗಳದಾಗ ಇಲ್ಲಾ ಪಡಸಾಲ್ಯಾಗ ಕಾಳು ತುಂಬೂ ಹಗೇವು ಇದ್ದ ಇರ್ತಾವ. ಬಾಯಿ ಒಬ್ಬ ಮನುಷ್ಯಾ ಇಳಿಯೋವಷ್ಟು ಸಣ್ಣದು, ಒಳಗ ಹೊಟ್ಟಿ ದೊಡ್ಡದು. ಮ್ಯಾಲ ಹಾಸಗಲ್ಲು ಮುಚ್ಚಿ ಮಣ್ಣು ಮೆತ್ತಿರ್ತಾರ. ವರ್ಷಾನುಗಟ್ಟಲೆ ಮುಟ್ಟದ ಬಿಟ್ಟರ ಮಣ್ಣು ಹುಲ್ಲು ಬೆಳದು ಗುರುತ ಸಿಗಂಗಿಲ್ಲ. ಕಲ್ಲು ಸರದಿತ್ತಂದ್ರ ಕತ್ತಲಾಗ ಕಾಲಿಟ್ಟವ ಸೀದಾ ಒಳಗ.

ಬೀಳೂದಕ್ಕಿಂತ ಕೆಟ್ಟದು ಒಳಗಿನ ಗಾಳಿ. ಉಳದ ಕಾಳು ಹಸಿ ಹಿಡದು ಕೊಳೀತಂದ್ರ ಆಮ್ಲಜನಕ ಎಲ್ಲಾ ತಿಂದು ಕಾರ್ಬನ್ ಡೈಆಕ್ಸೈಡ್ ತುಂಬಿರತೈತಿ. ಅದು ಗಾಳೀಗಿಂತ ಭಾರ, ಮ್ಯಾಲ ಬರಂಗಿಲ್ಲ. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳದ್ರ ಇಬ್ಬರೂ ಹೋದಂಗ. ದೀಪಾ ಇಳಿಬಿಟ್ಟು ನೋಡೂದು ಹಳೇ ಪದ್ಧತಿ. ದೀಪಾ ಆರಿದ್ರ ಇಳೀಬಾರದು ಅನ್ನೂದು ಖರೆ. ಉರದ್ರ ಇಳೀಬಹುದು ಅನ್ನೂದು ಮಾತ್ರ ಸುಳ್ಳು, ವಿಷಗಾಳಿ ಇದ್ರೂ ದೀಪಾ ಉರೀತೈತಿ. ಇಳಿಯೂ ಮಾತ ಬ್ಯಾಡ. ಹಗಲಾಗ ಕೋಲು ಕುಟ್ಟಿಕೋತ ನೆಲಾ ನೋಡ್ರಿ, ಪೊಳ್ಳು ಸದ್ದು ಬಂದಲ್ಲೆ ನಾಲ್ಕು ಮೂಲಿಗೆ ಗೂಟಾ ಹೊಡದು ಬಿಳಿ ಹಗ್ಗಾ ಕಟ್ಟರಿ. ಹಾಳ ಬಾವಿಗೂ ಹಂಗ.

ಗಾರೆ_ಗಚ್ಚು:
ಮೇಲಿನವರು ಹೇಳಿದ್ದಕ್ಕೆ ಮಾಳಿಗೆಯ ವಿಷಯ ಸೇರಿಸುತ್ತೇನೆ. ಮಣ್ಣಿನ ಮಾಳಿಗೆ ಎಂದರೆ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆ ಚಕ್ಕೆ, ಅದರ ಮೇಲೆ ಒಂದಡಿಗೂ ಮಿಕ್ಕ ಮಣ್ಣು. ಒಂದಡಿ ಮಣ್ಣು ಅಂದರೆ ಒಂದು ಚದರ ಮೀಟರಿಗೆ ಸುಮಾರು ಅರ್ಧ ಟನ್. ನೀರು ಕುಡಿದರೆ ಇನ್ನೂ ಹೆಚ್ಚು. ಇಷ್ಟು ಭಾರ ಹೊತ್ತ ಜಂತಿ ನಡುವೆ ಮುರಿಯುವುದು ಕಡಿಮೆ; ಗೋಡೆಯೊಳಗೆ ಹೊಕ್ಕ ತುದಿ ಕೊಳೆತು ಒಮ್ಮೆಗೇ ಜಾರುತ್ತದೆ. ಹೊರಗಿನಿಂದ ಮರ ಚೆನ್ನಾಗಿಯೇ ಕಾಣುತ್ತದೆ, ಗೆದ್ದಲು ಒಳಗಿನ ತಿರುಳು ತಿಂದು ಮೇಲ್ಪದರ ಹಾಗೇ ಬಿಟ್ಟಿರುತ್ತದೆ. ಸುತ್ತಿಗೆಯ ಹಿಡಿಯಿಂದ ಜಂತಿಯ ತುದಿಗೆ ಮೆಲ್ಲಗೆ ತಟ್ಟಿ: ಗಟ್ಟಿ ಮರ ಕಣಕಣ ಅನ್ನುತ್ತದೆ, ಕೊಳೆತದ್ದು ದಪ್ಪ್ ಅನ್ನುತ್ತದೆ.

ನೆಲದ ಮೇಲೆ ಬಿದ್ದ ಮಣ್ಣಿನ ಬಣ್ಣ ನೋಡಿ. ಹಳೇ ಕುಸಿತದ ಮಣ್ಣಿನ ಮೇಲೆ ಧೂಳು, ಹುಲ್ಲು, ಹಕ್ಕಿ ಹಿಕ್ಕೆ ಇರುತ್ತದೆ. ಹೊಸದಾಗಿ ಉದುರಿದ್ದು ಬೇರೆಯದೇ ಬಣ್ಣ. ಹೊಸ ಮಣ್ಣು ಕಂಡ ಅಂಕಣದೊಳಗೆ, ಅಂದರೆ ಕಂಬಗಳ ನಡುವಿನ ಆ ಭಾಗದೊಳಗೆ, ಯಾರೂ ಕೂರುವಂತಿಲ್ಲ. ಹೊಟ್ಟೆ ಉಬ್ಬಿದ ಗೋಡೆಗೆ ಒರಗುವಂತಿಲ್ಲ. ಮಾಳಿಗೆ ಹತ್ತುವಂತಿಲ್ಲ, ಎಷ್ಟೇ ಚೆಂದದ ಮೆಟ್ಟಿಲಿರಲಿ. ಎಲ್ಲರಿಗೂ ಗದ್ದಪಟ್ಟಿ ಇರುವ ಹೆಲ್ಮೆಟ್ ಬೇಕು. ಮಳೆಗಾಲ ಮತ್ತು ಅದರ ಬೆನ್ನಿಗಿನ ಎರಡು ತಿಂಗಳು ಬಿಟ್ಟು, ಗೋಡೆ ಪೂರ್ತಿ ಒಣಗಿದ ಜನವರಿ, ಫೆಬ್ರವರಿಯಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ಕೈಮುಗಿದು ಕೇಳುವ ಮಾತು. ಕ್ಯಾಮೆರಾ ನಿಲ್ಲಿಸಲು ಗಾರೆಗೆ ಮೊಳೆ ಹೊಡೆಯಬೇಡಿ, ಸುಣ್ಣದ ಗೋಡೆಗೆ ಟೇಪ್ ಅಂಟಿಸಬೇಡಿ. ಟೇಪಿನ ಜೊತೆ ನೂರು ವರ್ಷದ ಪದರವೇ ಕಿತ್ತು ಬರುತ್ತದೆ. ಸ್ಟ್ಯಾಂಡು, ಮರಳು ಚೀಲ ಸಾಕು. ಮೇಣದ ಬತ್ತಿ, ಅಗರಬತ್ತಿ, ಕ್ಯಾಂಪ್ ಫೈರ್ ಯಾವುದೂ ಬೇಡ. ಒಣ ಕಟ್ಟಿಗೆಯ ಮನೆ ಅದು.

ಎಸ್ಸೆಕ್ಸ್_ಕನ್ನಡತಿ:
ಬೆಂಕಿಯ ಮಾತು ಬಂದದ್ದರಿಂದ ಇಂಗ್ಲೆಂಡಿನಲ್ಲಿ ದೆವ್ವದ ಮನೆಯೆಂದು ಹೆಸರಾದ ಬೋರ್ಲಿ ರೆಕ್ಟರಿಯನ್ನು ನೆನಪಿಸಲೇಬೇಕು. ಎಸ್ಸೆಕ್ಸ್‌ನ ಬೋರ್ಲಿ ಹಳ್ಳಿಯಲ್ಲಿ 1860ರ ದಶಕದ ಆರಂಭದಲ್ಲಿ ಪಾದ್ರಿಯ ಕುಟುಂಬಕ್ಕೆ ಕಟ್ಟಿಸಿದ ದೊಡ್ಡ ಬಂಗಲೆ ಅದು. 1939ರ ಫೆಬ್ರವರಿ 27ರ ರಾತ್ರಿ ಸುಟ್ಟುಹೋಯಿತು. ಹಾಲ್‌ನಲ್ಲಿ ಎಣ್ಣೆ ದೀಪ ಉರುಳಿ ಹತ್ತಿಕೊಂಡಿತೆಂದು ಆಗಿನ ಮಾಲೀಕರು ಹೇಳಿದರು. ಸುಟ್ಟ ಗೋಡೆಗಳನ್ನು 1944ರಲ್ಲಿ ಕೆಡವಿದರು. ನಡುವಿನ ಐದು ವರ್ಷ ಆ ಪಾಳು ಗೋಡೆಗಳ ನಡುವೆ ಹವ್ಯಾಸಿಗಳು ರಾತ್ರಿ ಕಾವಲು ಕೂರುತ್ತಿದ್ದರು.

ನಿಮಗೆ ಉಪಯೋಗಕ್ಕೆ ಬರುವುದು ಅದಕ್ಕೂ ಮುಂಚಿನ ಒಂದು ವರ್ಷದ ಕೆಲಸ. ದೆವ್ವಗಳ ತನಿಖೆಗೆ ಹೆಸರಾದ ಹ್ಯಾರಿ ಪ್ರೈಸ್ 1937ರ ಮೇ ತಿಂಗಳಲ್ಲಿ ಖಾಲಿ ಮನೆಯನ್ನು ಒಂದು ವರ್ಷಕ್ಕೆ ಬಾಡಿಗೆಗೆ ಹಿಡಿದು, ದಿ ಟೈಮ್ಸ್‌ನಲ್ಲಿ ಜಾಹೀರಾತು ಕೊಟ್ಟು 48 ವೀಕ್ಷಕರನ್ನು ಆರಿಸಿದ. ಪ್ರತಿಯೊಬ್ಬರಿಗೂ ನೀಲಿ ಹೊದಿಕೆಯ ಸೂಚನಾ ಪುಸ್ತಿಕೆ ಕೊಟ್ಟ. ಬಂದ ಕೂಡಲೇ ಮನೆಯನ್ನೆಲ್ಲ ಶೋಧಿಸು, ಬಾಗಿಲು ಕಿಟಕಿ ಭದ್ರ ಮಾಡು, ಬೇಕಾದರೆ ಸೀಲ್ ಹಾಕು, ಸುಮಾರು ಗಂಟೆಗೊಮ್ಮೆ ಎಲ್ಲ ಕೋಣೆ ಸುತ್ತು, ದೀಪ ಆರಿಸಿ ಸದ್ದಿಲ್ಲದೆ ಕೂರು, ರಬ್ಬರ್ ಅಥವಾ ಫೆಲ್ಟ್ ಅಟ್ಟೆಯ ಬೂಟು ಹಾಕು, ಕಂಡದ್ದನ್ನು ಗಡಿಯಾರ ನೋಡಿ ಆಗಲೇ ಬರೆ. ಅವನ ಪೆಟ್ಟಿಗೆಯಲ್ಲಿ ಉಕ್ಕಿನ ಅಳತೆಪಟ್ಟಿ, ದಾರ, ಸೀಸದ ಮುದ್ರೆ, ಬೆರಳಚ್ಚಿಗೆ ಗ್ರಾಫೈಟ್ ಪುಡಿ, ನಡುಕ ತಿಳಿಯಲು ಬಟ್ಟಲಲ್ಲಿ ಪಾದರಸ ಇರುತ್ತಿದ್ದವು. ಪಾದರಸ ಒಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಇವತ್ತಿಗೂ ಸರಿ.

ಅವನು ಕೆಡಿಸಿಕೊಂಡದ್ದು ಒಂದೇ ಕಡೆ. ಅದೇ ಪುಸ್ತಿಕೆಯಲ್ಲಿ ಏನೇನು ಅನುಭವವಾಗಬಹುದು ಎಂಬ ಪಟ್ಟಿಯನ್ನೂ ಕೊಟ್ಟುಬಿಟ್ಟ: ಗಂಟೆ ಬಾರಿಸುವುದು, ಹೆಜ್ಜೆ ಸಪ್ಪಳ, ವಸ್ತು ಸರಿಯುವುದು, ವಾಸನೆ, ಬೆಳಕು. ಓದಿಕೊಂಡು ಕೂತವರಿಗೆ ಹೆಜ್ಜೆ ಸಪ್ಪಳ ಕೇಳದೆ ಇರುತ್ತದೆಯೇ? 1956ರಲ್ಲಿ ಡಿಂಗ್‌ವಾಲ್, ಗೋಲ್ಡ್‌ನಿ, ಹಾಲ್ ಮೂವರು ಇಂಥ ವಿಚಿತ್ರ ಅನುಭವಗಳನ್ನು ಪರಿಶೀಲಿಸುವ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್‌ಗಾಗಿ ಎಲ್ಲ ದಾಖಲೆ ಜಾಲಾಡಿದಾಗ ಉಳಿದದ್ದು ಬಹುಪಾಲು ಇಲಿ, ಮನೆಯ ವಿಚಿತ್ರ ಆಕಾರದಿಂದ ಸದ್ದು ತಿರುಗುವುದು, ಮನುಷ್ಯರ ಕೈವಾಡ. ಪ್ರೈಸ್‌ನ ಮೇಲೂ ಬೊಟ್ಟು ಮಾಡಿದರು.

ಆದ್ದರಿಂದ ನನ್ನ ಮೊದಲ ಸಲಹೆ: ನೀವು ಇಲ್ಲಿ ಬರೆದ ಮೂರು ಸಂಗತಿಯನ್ನು ಉಳಿದ ಐವರಲ್ಲಿ ಕನಿಷ್ಠ ಇಬ್ಬರಿಗೆ ಹೇಳಬೇಡಿ. ಅವರಿಗೆ ಯಾವ ಕೋಣೆ ಪ್ರಸಿದ್ಧ ಎಂಬುದೂ ತಿಳಿಯಬಾರದು.

ಕತ್ತಲ_ದಾರಿ:
ಇಬ್ಬರು ಹೊಸಬರು ಇದ್ದಾರೆ, ಅವರಿಗೆ ಇನ್ನೂ ಏನೂ ಹೇಳಿಲ್ಲ. ಈ ಚರ್ಚೆಯ ಕೊಂಡಿಯನ್ನೂ ಕಳಿಸುವುದಿಲ್ಲ. ಒಳಕೋಣೆ ತಣ್ಣಗಾಗುವುದನ್ನು ಗನ್‌ನಿಂದ ಅಳೆದರೆ ಸಾಕೇ?

ಸೋಲ್ಡರ್_ಶಿವು:
ಸಾಲದು. ಆ ಗನ್ ಗಾಳಿಯ ಉಷ್ಣತೆಯನ್ನು ಅಳೆಯುವುದೇ ಇಲ್ಲ. ಅದು ನೋಡುವುದು ಎದುರಿಗಿರುವ ಮೇಲ್ಮೈಯನ್ನು. ಸಾಮಾನ್ಯ ಗನ್‌ಗಳಲ್ಲಿ 12:1 ಅನುಪಾತ ಇರುತ್ತದೆ, ಅಂದರೆ 12 ಅಡಿ ದೂರದಲ್ಲಿ ಒಂದಡಿ ಅಗಲದ ವೃತ್ತದ ಸರಾಸರಿ. ಕೋಣೆಯ ನಡುವೆ ಹಿಡಿದು ಗುಂಡಿ ಒತ್ತಿದರೆ ಆಚೆ ಗೋಡೆಯ ಲೆಕ್ಕ ಬರುತ್ತದೆ. ಗನ್ ಸ್ವಲ್ಪ ಮೇಲಕ್ಕೆ ತಿರುಗಿ ಕುಸಿದ ಮಾಳಿಗೆಯ ಸಂದಿಯಿಂದ ಆಕಾಶಕ್ಕೆ ಗುರಿಯಾಯಿತೋ, ಒಂದೇ ಸಲಕ್ಕೆ ಹತ್ತಾರು ಡಿಗ್ರಿ ಇಳಿಯುತ್ತದೆ. ಪಾಳು ಕಟ್ಟಡಗಳಲ್ಲಿ ವಿಡಿಯೊದವರು ತೋರಿಸುವ ತಣ್ಣನೆ ಜಾಗಗಳಲ್ಲಿ ಬಹಳಷ್ಟು ಹೀಗೆ ಹುಟ್ಟಿದವು. ಕಂಚು, ಹಿತ್ತಾಳೆಯಂಥ ಹೊಳೆಯುವ ಲೋಹದ ಮೇಲ್ಮೈಗೂ ಅದು ತಪ್ಪು ಹೇಳುತ್ತದೆ.

ಮಾಡಬೇಕಾದದ್ದು ಇಷ್ಟು. ಡಿಎಸ್18ಬಿ20 ಎಂಬ ಉಷ್ಣತೆಯ ಸೆನ್ಸರ್, ನೀರು ಹೋಗದ ಉಕ್ಕಿನ ಕೊಳವೆಯದು, ಆರು ತಗೊಳ್ಳಿ. ಎಲ್ಲವೂ ಒಂದೇ ದತ್ತಾಂಶ ತಂತಿಗೆ ಸೇರುತ್ತವೆ. ಆ ತಂತಿ ಮತ್ತು ಪಾಸಿಟಿವ್ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಒಂದು ಹಾಕಲೇಬೇಕು, ಇಲ್ಲದಿದ್ದರೆ ಸೆನ್ಸರ್ ಸಿಗುವುದೇ ಇಲ್ಲ. ಲೆಕ್ಕ ಬರೆಸಲು ಆರ್ಡುಯಿನೊ ನ್ಯಾನೊ ಎಂಬ ಸಣ್ಣ ಕಂಪ್ಯೂಟರ್ ಬೋರ್ಡ್, ಎಸ್‌ಡಿ ಕಾರ್ಡ್ ಮಾಡ್ಯೂಲ್, ಸಮಯಕ್ಕೆ ಡಿಎಸ್3231 ಗಡಿಯಾರ ಚಿಪ್. 30 ಸೆಕೆಂಡಿಗೊಂದು ಸಾಲು ಬರೆಯಲಿ. ಉಕ್ಕಿನ ಕೊಳವೆ ಬಿಸಿ ತಣಿಯಲು ಸಮಯ ತಗೊಳ್ಳುವುದರಿಂದ ಅದಕ್ಕಿಂತ ಬೇಗ ಬರೆದರೂ ಲಾಭವಿಲ್ಲ.

ಸೆನ್ಸರ್‌ನ ನಿಖರತೆ ಅರ್ಧ ಡಿಗ್ರಿ ಆಚೀಚೆ. ಹಾಗಾಗಿ ಹೊರಡುವ ಮುಂಚೆ ಆರನ್ನೂ ಒಟ್ಟಿಗೆ ಕಟ್ಟಿ, ಪುಡಿ ಮಾಡಿದ ಐಸ್‌ಗೆ ಸ್ವಲ್ಪವೇ ನೀರು ಬೆರೆಸಿದ ಫ್ಲಾಸ್ಕಿನಲ್ಲಿ ಹತ್ತು ನಿಮಿಷ ಇಟ್ಟು, ಪ್ರತಿಯೊಂದೂ ಸೊನ್ನೆಗಿಂತ ಎಷ್ಟು ಆಚೀಚೆ ತೋರಿಸುತ್ತದೆ ಬರೆದಿಟ್ಟುಕೊಳ್ಳಿ. ಆಮೇಲೆ ಅಷ್ಟನ್ನು ಕಳೆಯಿರಿ. ಒಳಕೋಣೆಯಲ್ಲಿ ನೆಲದಿಂದ 10 ಸೆಂ.ಮೀ., 120 ಸೆಂ.ಮೀ., ಜಂತಿಯ ಕೆಳಗೆ ಒಂದೊಂದು, ಬಾಗಿಲಲ್ಲಿ ಒಂದು, ಪಕ್ಕದ ಕೋಣೆಯಲ್ಲಿ ಒಂದು, ಹೊರಗೆ ಮರೆಯಲ್ಲಿ ಒಂದು. ಯಾವುದೂ ಗೋಡೆಗೆ ತಾಗಬಾರದು. ಮನುಷ್ಯನ ಮೈ ಸುಮಾರು 100 ವ್ಯಾಟ್ ಹೀಟರ್ ಇದ್ದ ಹಾಗೆ, ಸೆನ್ಸರ್‌ನಿಂದ ಎರಡು ಮೀಟರ್ ದೂರ ಕೂರಿ.

ಎಲ್ಲಕ್ಕಿಂತ ಹೆಚ್ಚು ಜನ ಬೀಳುವ ಗುಂಡಿ ಪವರ್ ಬ್ಯಾಂಕ್. ಲಾಗರ್, ಅಂದರೆ ಈ ದಾಖಲೆ ಯಂತ್ರ, ಎಳೆಯುವುದು 20–30 ಮಿಲಿಆಂಪ್. ಇಷ್ಟು ಸಣ್ಣ ಕರೆಂಟಿಗೆ ಹೆಚ್ಚಿನ ಪವರ್ ಬ್ಯಾಂಕುಗಳು ಫೋನ್ ಚಾರ್ಜ್ ಮುಗಿಯಿತೆಂದು ತಿಳಿದು ಅರ್ಧ ನಿಮಿಷದಲ್ಲಿ ತಾವೇ ಆಫ್ ಆಗುತ್ತವೆ. ಬೆಳಿಗ್ಗೆ ನೋಡಿದರೆ ದಾಖಲೆ ಇಲ್ಲ, ಪ್ರೇತ ಬ್ಯಾಟರಿ ಹೀರಿತು ಅಂತ ಕಥೆ ಹುಟ್ಟುತ್ತದೆ. ನಾಲ್ಕು ಆಲ್ಕಲೈನ್ ಎಎ ಸೆಲ್ಲಿನ ಪೆಟ್ಟಿಗೆಯನ್ನು ವೋಲ್ಟೇಜನ್ನು 5ಕ್ಕೆ ಸ್ಥಿರವಾಗಿಡುವ ಬೂಸ್ಟ್-ಬಕ್ ಮಾಡ್ಯೂಲ್ ಮೂಲಕ ಕೊಡಿ, ಒಂದು ರಾತ್ರಿಗೆ ಧಾರಾಳ. ಮನೆಯಲ್ಲೇ ಒಮ್ಮೆ ಹನ್ನೆರಡು ಗಂಟೆ ಓಡಿಸಿ ನೋಡದೆ ಒಯ್ಯಬೇಡಿ.

ಗಾರೆ_ಗಚ್ಚು:
ಶಿವು ಅವರ ಲೆಕ್ಕಕ್ಕೆ ಕಟ್ಟಡದ ಕಡೆಯಿಂದ ಒಂದು ಮಾತು. ಮೂರಡಿ ದಪ್ಪದ ಕಲ್ಲುಮಣ್ಣಿನ ಗೋಡೆ ಹಗಲಿನ ಕಾವನ್ನು ರಾತ್ರಿ ಬಹಳ ಹೊತ್ತು ಬಿಡುತ್ತಲೇ ಇರುತ್ತದೆ. ಕುಸಿದ ಭಾಗದ ನೆಲ ಬಯಲಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ. ಆ ತಣ್ಣನೆ ಗಾಳಿ ಭಾರವಾಗಿ ನೆಲಮಟ್ಟದಲ್ಲೇ ಹರಿದು ಒಳಕೋಣೆಗೆ ನುಗ್ಗುತ್ತದೆ, ಬಿಸಿಗಾಳಿ ಬೆಳಕಿಂಡಿಯಿಂದ ಹೊರಗೆ ಹೋಗುತ್ತದೆ. ಕಾಲಿಗೆ ತಟ್ಟನೆ ತಣ್ಣಗೆ ತಾಗುವುದು ಇದೇ. 10 ಸೆಂ.ಮೀ. ಸೆನ್ಸರ್ ಮೊದಲು ಇಳಿದು, ನಿಮಿಷಗಳ ನಂತರ 120ರದ್ದು ಇಳಿದರೆ ಗಾಳಿಯ ಹರಿವು. ಬಾಗಿಲಲ್ಲಿ ಒಂದು ಎಳೆ ಹತ್ತಿ ನೂಲು ಇಳಿಬಿಟ್ಟು ಅದರ ಮೇಲೆ ಕ್ಯಾಮೆರಾ ಇಡಿ, ಹರಿವಿನ ದಿಕ್ಕೇ ಕಾಣುತ್ತದೆ.

ಧ್ವನಿ_ಗ್ರಾಹಕ:
ಈಗ ನಡೆದಾಡುವ ಸದ್ದು. ಮುಚ್ಚಿದ ಅಂಗಳದ ಮನೆಯಲ್ಲಿ ಸದ್ದಿನ ದಿಕ್ಕು ನಂಬಲು ಬರುವುದಿಲ್ಲ, ಬೋರ್ಲಿಯಲ್ಲೂ ಆದದ್ದು ಇದೇ. ಹಗಲಲ್ಲೇ ಪರೀಕ್ಷೆ ಮಾಡಿ: ಒಬ್ಬರು ಒಳಕೋಣೆಯಲ್ಲಿ ಕಣ್ಣು ಮುಚ್ಚಿ ಕೂರಲಿ, ಇನ್ನೊಬ್ಬರು ಬೀದಿಯಲ್ಲಿ, ಹಿತ್ತಿಲಲ್ಲಿ, ಪಕ್ಕದ ಓಣಿಯಲ್ಲಿ ನಡೆಯಲಿ. ಕೂತವರು ದಿಕ್ಕು ತೋರಿಸಲಿ. ಎಷ್ಟು ಸಲ ತಪ್ಪುತ್ತಾರೆ ಎಂಬುದನ್ನು ನಕ್ಷೆಯ ಮೇಲೆ ಗುರುತು ಹಾಕಿ. ಆ ನಕ್ಷೆ ಇಲ್ಲದೆ ರಾತ್ರಿಯ ಹೆಜ್ಜೆ ಸಪ್ಪಳಕ್ಕೆ ಬೆಲೆಯಿಲ್ಲ.

ರೆಕಾರ್ಡರ್ ಎರಡು ಬೇಕು, ಒಂದರಿಂದ ಒಂದು ಕನಿಷ್ಠ ಮೂರು ಮೀಟರ್ ದೂರ. ಕೈಯಲ್ಲಿ ಹಿಡಿಯಬಾರದು, ಬೆರಳು ಉಜ್ಜಿದ ಸದ್ದೇ ಪಿಸುಮಾತಾಗುತ್ತದೆ. ಸ್ಪಂಜಿನ ಮೇಲೆ ಇಡಿ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಎಂಪಿ3 ಬೇಡ, ಒತ್ತಿ ಸಣ್ಣದು ಮಾಡುವಾಗ ಸಣ್ಣ ಸದ್ದಿನ ಸುತ್ತ ಹೊಸ ಕಲಬೆರಕೆ ಹುಟ್ಟುತ್ತದೆ. ಸ್ವಯಂಚಾಲಿತ ಗೇನ್, ನಾಯ್ಸ್ ರಿಡಕ್ಷನ್, ದನಿ ಕೇಳಿದಾಗ ಮಾತ್ರ ಶುರುವಾಗುವ ಸೌಲಭ್ಯ, ಮೂರನ್ನೂ ಆಫ್ ಮಾಡಿ. ಸ್ವಯಂಚಾಲಿತ ಗೇನ್ ಇದ್ದರೆ ಎಲ್ಲರೂ ಸುಮ್ಮನಾದ ಕೂಡಲೇ ಮೆಲ್ಲಗೆ ಏರುತ್ತಾ ಹೋಗಿ, ಅರ್ಧ ಕಿಲೋಮೀಟರ್ ಆಚೆಯ ಪಂಪ್‌ಸೆಟ್ಟು ಕಿವಿಯ ಪಕ್ಕ ಉಸಿರಾಡಿದ ಹಾಗೆ ಕೇಳುತ್ತದೆ.

ಶುರುವಿನಲ್ಲಿ ಎಲ್ಲ ಕ್ಯಾಮೆರಾ, ರೆಕಾರ್ಡರ್ ಓಡುತ್ತಿರುವಾಗ ಅಂಗಳದ ನಡುವೆ ನಿಂತು ಒಂದು ಗಟ್ಟಿ ಚಪ್ಪಾಳೆ, ಮತ್ತೆ ಗಂಟೆಗೊಂದು. ಆಮೇಲೆ ಫೈಲುಗಳನ್ನು ಹೊಂದಿಸಲು ಅದೇ ಆಧಾರ. ಹೊಟ್ಟೆ ಗುಡುಗಿದರೆ, ಬೂಟು ಕಿರ್ ಅಂದರೆ, ಅವರೇ ಆ ಕ್ಷಣ ಬಾಯಿಬಿಟ್ಟು ಹೇಳಬೇಕು: "ಅದು ನನ್ನದು". ಪಿಸುಗುಟ್ಟುವುದು ನಿಷೇಧ. ಮಾತಾಡಿದರೆ ಪೂರ್ತಿ ದನಿಯಲ್ಲಿ ಮಾತಾಡಿ.

ಒಂದೇ ಸದ್ದು ಎರಡು ರೆಕಾರ್ಡರಿನಲ್ಲೂ ಬಂದಿದ್ದರೆ ಅದು ಕೋಣೆಯ ಸದ್ದು. ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು, ಯಾವುದಕ್ಕೆ ಮೊದಲು ಬಂತು ನೋಡಿದರೆ ಯಾವ ಬದಿಯಿಂದ ಬಂತು ಎಂಬುದು ತಿಳಿಯುತ್ತದೆ. ಆದರೆ ಎರಡು ರೆಕಾರ್ಡರುಗಳ ಗಡಿಯಾರ ಆಚೀಚೆ ಓಡುತ್ತವೆ, ಆದ್ದರಿಂದ ಹತ್ತಿರದ ಚಪ್ಪಾಳೆಗೆ ಹೊಂದಿಸಿಯೇ ಅಳೆಯಬೇಕು. ಒಂದರಲ್ಲಿ ಮಾತ್ರ ಇದ್ದರೆ ಆ ಯಂತ್ರದ ಸದ್ದು, ಬದಿಗಿಡಿ.

ಸ್ಪಿರಿಟ್ ಬಾಕ್ಸ್ ಮನೆಯಲ್ಲೇ ಬಿಡಿ. ಅದು ರೇಡಿಯೊ ನಿಲ್ದಾಣಗಳ ಮೇಲೆ ಸರಸರನೆ ಓಡುವ ರಿಸೀವರ್, ಅಷ್ಟೇ. ಧಾರವಾಡದ ಆಕಾಶವಾಣಿ ಸಿಗುವ ಜಾಗದಲ್ಲಿ ಓಡಿಸಿದರೆ ಕನ್ನಡದ ತುಂಡು ಮಾತು ಬರದೆ ಇನ್ನೇನು ಬರಬೇಕು? ಅದರ ಗದ್ದಲದಿಂದ ಉಳಿದ ಧ್ವನಿಮುದ್ರಣವೂ ಹಾಳು.

ನಿಶೆಯ_ನೆರಳು:
ಧ್ವನಿ ಸರ್, ಸ್ಪಿರಿಟ್ ಬಾಕ್ಸ್ ಒಪ್ಪಿದೆ. ಆದರೆ ನೀವೆಲ್ಲ ಹೇಳುವುದು ನೋಡಿದರೆ ಏನೂ ಸಿಗಬಾರದೆಂದೇ ಹೊರಟ ಹಾಗಿದೆ. ಊರಿನ ಜನ ಎರಡು ಮೂರು ತಲೆಮಾರಿನಿಂದ ಹೇಳುತ್ತಾ ಬಂದದ್ದಕ್ಕೂ ತೂಕ ಇದೆ. ಆ ಕೋಣೆಯಲ್ಲಿ ಅವರಿಗೆ ಭಯವಾಗುವುದಂತೂ ನಿಜ ತಾನೆ? ಅದನ್ನು ಯಾವ ಸೆನ್ಸರ್ ಅಳೆಯುತ್ತದೆ?

ಎಸ್ಸೆಕ್ಸ್_ಕನ್ನಡತಿ:
ಭಯ ನಿಜ, ಒಪ್ಪುತ್ತೇನೆ. ಅದನ್ನು ಗೌರವದಿಂದಲೇ ದಾಖಲಿಸಬೇಕು. ಅದಕ್ಕೆ ದಾರಿಯೂ ಇದೆ. ರಿಚರ್ಡ್ ವೈಸ್‌ಮನ್ ತಂಡ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲೂ ಎಡಿನ್‌ಬರೋದ ನೆಲಮಾಳಿಗೆಗಳಲ್ಲೂ ಇದನ್ನೇ ಮಾಡಿ 2003ರಲ್ಲಿ ಪ್ರಕಟಿಸಿತು. ಜನರಿಗೆ ನೆಲದ ನಕ್ಷೆ ಕೊಟ್ಟು, ಎಲ್ಲಿ ವಿಚಿತ್ರ ಅನ್ನಿಸಿತೋ ಅಲ್ಲಿ ಗುರುತು ಹಾಕಿಸಿದರು. ಗುರುತುಗಳು ಕೆಲವೇ ಜಾಗಗಳಲ್ಲಿ ಗುಂಪುಗೂಡಿದವು; ಬೆಳಕು, ಕೋಣೆಯ ಗಾತ್ರದಂಥವುಗಳ ಜೊತೆ ಹೊಂದಿಕೆ ಕಂಡುಬಂತು. ಅಂದರೆ ಜನ ಸುಳ್ಳು ಹೇಳುತ್ತಿಲ್ಲ, ಜಾಗ ಅವರ ಮೇಲೆ ಕೆಲಸ ಮಾಡುತ್ತಿದೆ. ಗೋಲ್ಡ್‌ಸ್ಮಿತ್ಸ್ ಕಾಲೇಜಿನವರು ಲಂಡನ್ನಿನ ಒಂದು ಮನೆಯಲ್ಲಿ ಕೃತಕ ಕೋಣೆ ಕಟ್ಟಿ, 79 ಜನರನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟು, ಕಾಂತಕ್ಷೇತ್ರ ಮತ್ತು ಅತಿ ತಗ್ಗಿನ ಶಬ್ದವನ್ನು ಬೇಕೆಂದಾಗ ಹಾಕಿ ತೆಗೆದು ನೋಡಿದರು. 2009ರಲ್ಲಿ ಬಂದ ಫಲಿತಾಂಶದಲ್ಲಿ ಹಲವರಿಗೆ ವಿಚಿತ್ರ ಅನುಭವವಾಗಿತ್ತು, ಆದರೆ ಯಂತ್ರ ಆನ್ ಇತ್ತೋ ಆಫ್ ಇತ್ತೋ ಎಂಬುದಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ಏನೋ ಆಗಬಹುದು ಎಂಬ ನಿರೀಕ್ಷೆಯೇ ಸಾಕಾಗುತ್ತದೆ.

ಹಾಗಾಗಿ ನಿಶೆಯವರೇ, ಕಥೆ ಗೊತ್ತಿಲ್ಲದ ಆ ಇಬ್ಬರಿಗೆ ಖಾಲಿ ನಕ್ಷೆ ಕೊಡುವುದೇ ನೀವು ಕೇಳಿದ ಸೆನ್ಸರ್. ಅವರೂ ಅದೇ ಒಳಕೋಣೆಗೆ ಗುರುತು ಹಾಕಿದರೆ ಊರಿನ ಮಾತಿಗೆ ನಿಜವಾದ ಬಲ ಬರುತ್ತದೆ.

ಧ್ವನಿ_ಗ್ರಾಹಕ:
ಅತಿ ತಗ್ಗಿನ ಶಬ್ದದ ಮಾತು ಬಂತಲ್ಲ. ವಿಕ್ ಟ್ಯಾಂಡಿ ಮತ್ತು ಟೋನಿ ಲಾರೆನ್ಸ್ 1998ರಲ್ಲಿ ಬರೆದ ಲೇಖನದಿಂದ, ದೆವ್ವ ಕಂಡಂಥ ಅನುಭವಕ್ಕೆ ಕಾರಣವೆಂದು 19 ಹರ್ಟ್ಸ್ ಎಂಬ ಅಂಕಿ ಎಲ್ಲರ ಬಾಯಲ್ಲಿದೆ. ಪ್ರಯೋಗಾಲಯದ ಫ್ಯಾನಿನಿಂದ 18.98 ಹರ್ಟ್ಸ್‌ನ ನಿಂತ ಅಲೆ (ಗೋಡೆಗಳ ನಡುವೆ ಮುಂದೆ ಸಾಗದೆ ಕಂಪಿಸುವ ಶಬ್ದ) ಎದ್ದಿತ್ತು ಎಂಬುದು ಅವರ ಲೆಕ್ಕ. ಆ ಅಲೆಯ ಉದ್ದ 18 ಮೀಟರ್, ಅರ್ಧ ಅಂದರೆ 9 ಮೀಟರ್. ನಿಮ್ಮ ಪಡಸಾಲೆ ಸುಮಾರು 9 ಮೀಟರ್ ಇದ್ದರೆ ಲೆಕ್ಕಕ್ಕೆ ತಗೊಳ್ಳಬಹುದು, ಆದರೆ ಒಂದು ಕಡೆ ಗೋಡೆಯೇ ಇಲ್ಲದ ಪಾಳು ಕೋಣೆಯಲ್ಲಿ ಅಲೆ ನಿಲ್ಲುವುದು ಕಷ್ಟ. ಮತ್ತೆ, ಫೋನಿನ ಮೈಕ್ 19 ಹರ್ಟ್ಸನ್ನು ನೆಚ್ಚುವಂತೆ ಹಿಡಿಯುವುದಿಲ್ಲ. ಆ್ಯಪ್ ತೋರಿಸುವ ಅಂಕಿ ಗಾಳಿ ಮೈಕಿಗೆ ಬಡಿದದ್ದು. ವಿಶೇಷ ಒತ್ತಡದ ಸೆನ್ಸರ್ ಇಲ್ಲದಿದ್ದರೆ ಈ ವಿಷಯವನ್ನೇ ವರದಿಯಲ್ಲಿ ಎತ್ತಬೇಡಿ.

ಮಿಂಚುಳ:
ಚೀರುವ ದನಿಗೆ ನನ್ನ ಮೊದಲ ಅನುಮಾನ ಕಣಜ ಗೂಬೆ. ಹೃದಯದಾಕಾರದ ಬಿಳಿ ಮುಖದ್ದು, ಪಾಳು ಕಟ್ಟಡ ಅದಕ್ಕೆ ಬಲು ಪ್ರೀತಿ. ಗುಮ್ ಅನ್ನುವ ಗೂಬೆಯಲ್ಲ ಇದು, ಕರ್ಕಶವಾಗಿ ಚೀರುತ್ತದೆ. ಮರಿಗಳು ಗೊರಕೆಯಂತೆ ಬುಸ್ ಅನ್ನುತ್ತವೆ. ಹಗಲಲ್ಲಿ ಗೋಡೆಯ ಗೂಡು, ಜಂತಿಯ ಕೆಳಗೆ ಹುಡುಕಿ: ಬಿಳಿ ಹಿಕ್ಕೆಯ ಗೆರೆ, ನೆಲದಲ್ಲಿ ಹೆಬ್ಬೆರಳು ಗಾತ್ರದ ಕಪ್ಪು ಉಂಡೆ. ಒಡೆದರೆ ಇಲಿಯ ರೋಮ, ಮೂಳೆ, ತಲೆಬುರುಡೆ ಸಿಗುತ್ತದೆ. ಉಂಡೆ ಸಿಕ್ಕಿದರೆ ಗೂಬೆ ಇದೆ ಅಂತಲೇ ಅರ್ಥ. ಗೂಡಿನಲ್ಲಿ ಮರಿ ಇದ್ದರೆ ಆ ಕೋಣೆಯಿಂದ ದೂರ ಇರಿ, ದಯವಿಟ್ಟು. ನವಿಲು, ನರಿ, ನತ್ತಿಂಗದ ದನಿಗಳನ್ನೂ ಮೊದಲೇ ಕೇಳಿ ಪರಿಚಯ ಮಾಡಿಕೊಳ್ಳಿ. ಮಾಳಿಗೆಯ ಮೇಲೆ ನಿಧಾನಕ್ಕೆ ಧಪ್ ಧಪ್ ಎಂದು ನಡೆಯುವುದು ಬಹುಪಾಲು ಪುನುಗು ಬೆಕ್ಕು. ಅದರ ಭಾರ ಮೂರು ನಾಲ್ಕು ಕಿಲೋ, ಒಣ ಮಣ್ಣಿನ ಮೇಲೆ ಚೆನ್ನಾಗಿಯೇ ಕೇಳುತ್ತದೆ.

ಅಪಾಯ ಹಾವಿನದು. ಬಿದ್ದ ಕಲ್ಲಿನ ಸಂದಿಯಲ್ಲಿ ನಾಗರ, ಕೊಳಕುಮಂಡಲ, ಬಯಲುಸೀಮೆಯಾದ್ದರಿಂದ ಗರಗಸ ಮಂಡಲವೂ. ಎಲ್ಲಕ್ಕಿಂತ ಎಚ್ಚರ ಕಟ್ಟುಹಾವಿಗೆ. ಅದು ರಾತ್ರಿ ಸಂಚಾರಿ, ನೆಲದ ಮೇಲೆ ಮಲಗಿದವರನ್ನೇ ಹೆಚ್ಚು ಕಚ್ಚುವುದು, ಕಚ್ಚಿದ್ದು ಗೊತ್ತಾಗದಷ್ಟು ನೋವು ಕಡಿಮೆ. ಕೆಲವು ತಾಸಿನ ಮೇಲೆ ರೆಪ್ಪೆ ಜೋಲುತ್ತದೆ, ಉಸಿರು ಕಟ್ಟುತ್ತದೆ. ಹಾಗಾಗಿ ನೆಲದಲ್ಲಿ ಚಾಪೆ ಹಾಸುವಂತಿಲ್ಲ, ಮಡಚುವ ಕುರ್ಚಿ ಒಯ್ಯಿರಿ. ಪಾದದ ಗಂಟು ಮುಚ್ಚುವ ಬೂಟು. ಕಲ್ಲೆತ್ತುವುದು, ಸಂದಿಗೆ ಕೈ ಹಾಕುವುದು ಬೇಡ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿದು ಕಟ್ಟಬೇಡಿ. ಉಂಗುರ, ಗಡಿಯಾರ ಬಿಚ್ಚಿ, ಅಂಗ ಅಲುಗದಂತೆ ಇಟ್ಟು 108ಕ್ಕೆ ಕರೆ ಮಾಡಿ. ವಿಷಪ್ರತಿರೋಧಕ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಹಗಲಲ್ಲೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಹೆಜ್ಜೇನು ಕಟ್ಟಿದ್ದರೆ ಆ ಭಾಗದಲ್ಲಿ ರಾತ್ರಿ ಕೆಲಸವನ್ನೇ ರದ್ದು ಮಾಡಿ. ಹೆಜ್ಜೇನು ರಾತ್ರಿಯೂ ಬೆಳಕಿಗೆ ಎದ್ದು ಬರುತ್ತದೆ, ಟಾರ್ಚ್ ಹಿಡಿದವರ ಮೇಲೇ ಬೀಳುತ್ತದೆ. ಬಾವಲಿ ಹಿಕ್ಕೆ ಇರುವ ಕೋಣೆಗೆ ಎನ್95 ಮಾಸ್ಕ್ ಇಲ್ಲದೆ ಹೋಗಬೇಡಿ. ಆ ಧೂಳಿನಿಂದ ಶ್ವಾಸಕೋಶಕ್ಕೆ ಶಿಲೀಂಧ್ರ ಸೋಂಕು ತಗಲಬಹುದು.

ಕಾಯ್ದೆ_ಪುಸ್ತಕ:
ಬಾಯಿಮಾತಿನ ಒಪ್ಪಿಗೆ ಸಾಲದು. ವಾಡೆಗಳಿಗೆ ಪಾಲುದಾರರು ಹಲವರು. ಒಬ್ಬರು ಒಪ್ಪಿ ಇನ್ನೊಬ್ಬರು ದೂರು ಕೊಟ್ಟರೆ ಅತಿಕ್ರಮ ಪ್ರವೇಶದ ಪ್ರಕರಣ, ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ. ದಿನಾಂಕ, ಎಲ್ಲರ ಹೆಸರು, ಒಳಗೆ ಇರುವ ಸಮಯ ಬರೆದ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಒಂದು ಪ್ರತಿ ಠಾಣೆಗೆ, ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಕೊಡಿ. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದೆಯೇ ನೋಡಿ: ಕೇಂದ್ರದ್ದಾದರೆ 1958ರ ಕಾಯ್ದೆ, ರಾಜ್ಯದ್ದಾದರೆ 1961ರದ್ದು. ಸಂರಕ್ಷಿತವಾದರೆ ಮಾಲೀಕರ ಪತ್ರವೊಂದೇ ಸಾಲದು, ಇಲಾಖೆಯ ಅನುಮತಿ ಬೇಕು. ರಾಜಸ್ಥಾನದ ಭಾನ್‌ಗಢದಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಪ್ರವೇಶವಿಲ್ಲ ಎಂಬ ಫಲಕವನ್ನು ಪುರಾತತ್ವ ಇಲಾಖೆಯೇ ಹಾಕಿದೆ. ದೆವ್ವಕ್ಕೆ ಅದು ಪುರಾವೆ ಎಂದು ಹಲವರು ಹೇಳುತ್ತಾರೆ, ಆದರೆ ಸ್ಮಾರಕಗಳು ಹಗಲಲ್ಲಿ ಮಾತ್ರ ತೆರೆದಿರಬೇಕೆಂಬುದು ಸಾಮಾನ್ಯ ನಿಯಮ.

ನಮ್ಮ ಕಡೆ ಇನ್ನೂ ದೊಡ್ಡ ತೊಂದರೆ ನಿಧಿಗಳ್ಳರೆಂಬ ಅನುಮಾನ. ರಾತ್ರಿ ಪಾಳು ವಾಡೆಯಲ್ಲಿ ಟಾರ್ಚ್ ಕಂಡರೆ ಊರೇ ಬಡಿಗೆ ಹಿಡಿದು ಬರುತ್ತದೆ. ಮೆಟಲ್ ಡಿಟೆಕ್ಟರ್, ಸಲಿಕೆ, ಹಾರೆ, ನಿಂಬೆಹಣ್ಣು, ಕುಂಕುಮ ಯಾವುದೂ ವಾಹನದಲ್ಲಿ ಇರಬಾರದು. ನಿಧಿಗಾಗಿ ವಾಮಾಚಾರ ಮಾಡುವುದು ಕರ್ನಾಟಕದ 2017ರ ಕಾಯ್ದೆಯಡಿ ಅಪರಾಧ. ಅಕಸ್ಮಾತ್ ಹಳೇ ನಾಣ್ಯ, ಒಡವೆ ಕಣ್ಣಿಗೆ ಬಿದ್ದರೆ ಮುಟ್ಟದೆ ಫೋಟೊ ತೆಗೆದು ತಿಳಿಸಿ. ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕರ್ನಾಟಕದ 1962ರ ನಿಧಿ ಕಾಯ್ದೆ ಹೇಳುತ್ತದೆ. ಊರಿನ ಒಬ್ಬ ಹಿರಿಯರನ್ನು ರಾತ್ರಿಯಿಡೀ ಜೊತೆಗೆ ಕೂರಿಸಿಕೊಳ್ಳಿ.

ಕಡಲ_ತಡಿ:
ಇದನ್ನು ಓದಿ ಯಾರಾದರೂ ನಮ್ಮ ಕರಾವಳಿಯ ಹಳೇ ಗುತ್ತಿನ ಮನೆಗಳ ಕಡೆ ಹೊರಟರೆ ಒಂದು ವಿನಂತಿ. ಅಲ್ಲಿ ಮನೆ ಬಿದ್ದರೂ ಚಾವಡಿಯಲ್ಲಿ ದೈವದ ಮಂಚ, ಅಂಗಳದ ಆಚೆ ದೈವಸ್ಥಾನ ಇರುತ್ತದೆ, ವರ್ಷಕ್ಕೊಮ್ಮೆಯಾದರೂ ಕುಟುಂಬದವರು ಬಂದು ಸೇವೆ ಕೊಡುತ್ತಾರೆ. ಅದು ನಡೆಯುತ್ತಿರುವ ಆರಾಧನೆ. ಮೀಟರ್ ಹಿಡಿದು ಹೋಗುವ ಜಾಗವಲ್ಲ.

ಕತ್ತಲ_ದಾರಿ:
ಖಂಡಿತ. ಉಳಿದದ್ದು ಕೆ-2 ಮೀಟರ್ ಮತ್ತು ಕ್ಯಾಮೆರಾ. ಒಳಕೋಣೆ ಬಾಗಿಲಿಗೆ ಹಿಟ್ಟು ಚೆಲ್ಲಿ ಹೆಜ್ಜೆ ಗುರುತು ನೋಡಬೇಕೆಂದೂ ಇತ್ತು.

ಸೋಲ್ಡರ್_ಶಿವು:
ಅಕ್ಕಿ ಹಿಟ್ಟು ಬೇಡ. ಇರುವೆ, ಇಲಿ ಎಲ್ಲ ಬಂದು ಬೆಳಗಾಗುವುದರೊಳಗೆ ನೂರು ಗುರುತು ಮಾಡುತ್ತವೆ. ಕಲ್ಲಿನ ರಂಗೋಲಿ ಪುಡಿ ತಗೊಂಡು, ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ಜರಡಿಯಿಂದ ತೆಳ್ಳಗೆ ಉದುರಿಸಿ. ಬೆಳಿಗ್ಗೆ ಹಾಳೆ ಮಡಚಿದರೆ ನೆಲ ಸ್ವಚ್ಛ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮುಂಚೆ ಒಂದು ಫೋಟೊ, ಆಮೇಲೆ ಒಂದು. ಬಾಗಿಲಿಗೆ ಹೊಲಿಗೆ ದಾರ ಎರಡು ಎತ್ತರದಲ್ಲಿ ಎಳೆಯಿರಿ, 20 ಸೆಂ.ಮೀ. ಮತ್ತು 120 ಸೆಂ.ಮೀ. ಕೆಳಗಿನದು ಮಾತ್ರ ಕಡಿದಿದ್ದರೆ ಪ್ರಾಣಿ, ಎರಡೂ ಕಡಿದಿದ್ದರೆ ಮನುಷ್ಯ.

ಕೆ-2ರ ಐದು ದೀಪ ಮಿನುಗುವುದು ಬದಲಾಗುವ ಕಾಂತಕ್ಷೇತ್ರಕ್ಕೆ. ಮೊದಲ ಹಸಿರು ದಾಟಲು 1.5 ಮಿಲಿಗೌಸ್, ಕೊನೆಯ ಕೆಂಪು 20ರ ಮೇಲೆ. ಫೋನ್ ಟವರಿಗೆ ಕರೆ ಕಳಿಸುವ ಕ್ಷಣ, ವಾಕಿಟಾಕಿ ಗುಂಡಿ ಒತ್ತಿದ ಕ್ಷಣ, ಎಲ್ಲ ದೀಪ ಹತ್ತುತ್ತವೆ. ಎಲ್ಲರ ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ, ತುರ್ತಿಗೆ ಒಂದು ಮಾತ್ರ 30 ಮೀಟರ್ ಆಚೆ ಕಟ್ಟೆಯ ಹತ್ತಿರ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ರಾತ್ರಿ ಯಾವ ಹೊತ್ತಿಗೆ ಬರುತ್ತದೆ ಎಂದು ಲೈನ್‌ಮನ್‌ನನ್ನು ಕೇಳಿ ಬರೆದುಕೊಳ್ಳಿ. ಆ ಹೊತ್ತಿಗೆ ಸರಿಯಾಗಿ ಮೀಟರ್ ಏರಿದರೆ ಉತ್ತರ ಸಿಕ್ಕಿತು. ಫೋನಿನ ಕಾಂತ ಆ್ಯಪ್ ಬೇರೆಯದನ್ನೇ ಅಳೆಯುತ್ತದೆ, ಭೂಮಿಯ ಸ್ಥಿರ ಕ್ಷೇತ್ರ, ನಮ್ಮಲ್ಲಿ ಸುಮಾರು 40 ಮೈಕ್ರೊಟೆಸ್ಲಾ. ಕಬ್ಬಿಣದ ಬಾಗಿಲುಪಟ್ಟಿಯ ಹತ್ತಿರ ತಿರುಗಿಸಿದರೆ ಸಾಕು, ಅಂಕಿ ಕುಣಿಯುತ್ತದೆ.

ಕ್ಯಾಮೆರಾದಲ್ಲಿ ಬೆಳ್ಳನೆ ಗುಂಡುಗಳು ಬರುವುದು ಲೆನ್ಸಿನ ಮುಂದೆ ಕೆಲವೇ ಸೆಂಟಿಮೀಟರ್ ದೂರದ ಧೂಳು, ಹುಳ. ದೀಪ ಲೆನ್ಸಿನ ಪಕ್ಕದಲ್ಲೇ ಇದ್ದರೆ ಹೊಳೆಯುತ್ತವೆ. ಕ್ಯಾಮೆರಾದ ಸ್ವಂತ ಇನ್‌ಫ್ರಾರೆಡ್ ದೀಪಕ್ಕೆ ಟೇಪ್ ಹಚ್ಚಿ, ಬೇರೆ ದೀಪವನ್ನು ಒಂದು ಮೀಟರ್ ಪಕ್ಕಕ್ಕೆ ಇಡಿ. ಫೋನಿನ ನೈಟ್ ಮೋಡಿನಿಂದ ಫೋಟೊ ತೆಗೆಯಬೇಡಿ. ಅದು ಕೆಲವು ಸೆಕೆಂಡುಗಳ ಹಲವು ಚಿತ್ರ ಸೇರಿಸುವುದರಿಂದ ನಡುವೆ ಹಾದುಹೋದವರು ಪಾರದರ್ಶಕ ಆಕೃತಿಯಾಗಿ ಉಳಿಯುತ್ತಾರೆ. ಎಲ್ಲ ಯಂತ್ರಗಳ ಸಣ್ಣ ಎಲ್‌ಇಡಿಗೂ ಕಪ್ಪು ಟೇಪ್ ಹಚ್ಚಿ; ಕತ್ತಲಲ್ಲಿ ಒಂಟಿ ಚುಕ್ಕಿ ಬೆಳಕನ್ನು ದಿಟ್ಟಿಸಿದರೆ ಅದು ಚಲಿಸಿದಂತೆಯೇ ಕಾಣುತ್ತದೆ, ಕಣ್ಣಿನ ಗುಣ ಅದು.

ಕತ್ತಲ_ದಾರಿ:
ಇಷ್ಟರ ಮೇಲೆ ಯೋಜನೆ ಹೀಗಿದೆ. ಒಂದು ಶನಿವಾರ ಹಗಲು ಪೂರ್ತಿ ನಕ್ಷೆ, ಹಗೇವಿನ ಗುರುತು, ಸದ್ದಿನ ಪರೀಕ್ಷೆ, ಗೂಬೆ ಹುಡುಕಾಟ. ಅದೇ ರಾತ್ರಿ ಯಂತ್ರ ಮಾತ್ರ ಒಳಗೆ, ನಾವು ಹೊರಗೆ. ಮುಂದಿನ ಶನಿವಾರ ರಾತ್ರಿ 9ರಿಂದ ಬೆಳಿಗ್ಗೆ 5ರವರೆಗೆ ಕಾವಲು. ಇಬ್ಬಿಬ್ಬರ ಮೂರು ಜೋಡಿ, ಪಡಸಾಲೆ, ಒಳಕೋಣೆ ಬಾಗಿಲು, ಹೊರಗಿನ ಕಟ್ಟೆ, ಗಂಟೆಗೊಮ್ಮೆ ಬದಲು.

ಎಸ್ಸೆಕ್ಸ್_ಕನ್ನಡತಿ:
ಮನುಷ್ಯರಿಲ್ಲದ ರಾತ್ರಿ ಇಟ್ಟದ್ದು ಬಹಳ ಒಳ್ಳೆಯದು, ಹೋಲಿಸಲು ಅದೇ ಆಧಾರ. ಒಂದು ತಿದ್ದುಪಡಿ: ಹೊಸಬರಿಬ್ಬರನ್ನು ಒಂದೇ ಜೋಡಿ ಮಾಡಿ. ಕಥೆ ಗೊತ್ತಿದ್ದವರ ಜೊತೆ ಕೂತರೆ ಅವರ ಮುಖ, ಉಸಿರು ನೋಡಿಯೇ ಇವರಿಗೆ ತಿಳಿದುಬಿಡುತ್ತದೆ. ಹಗಲಿನ ಸದ್ದಿನ ಪರೀಕ್ಷೆಗೂ ಅವರನ್ನು ಒಳಕೋಣೆಯಲ್ಲಿ ಕೂರಿಸಬೇಡಿ. ಆದರೆ ಹಗೇವಿನ ಹಗ್ಗ, ಕೂರಬಾರದ ಅಂಕಣ ಮಾತ್ರ ಅವರಿಗೂ ತಪ್ಪದೆ ತೋರಿಸಿ. ಪ್ರತಿ ಪಾಳಿ ಮುಗಿದ ಕೂಡಲೇ ಒಬ್ಬರಿಗೊಬ್ಬರು ಮಾತಾಡುವ ಮುಂಚೆ ಎಲ್ಲರೂ ಪ್ರತ್ಯೇಕವಾಗಿ ಬರೆದು ಲಕೋಟೆಗೆ ಹಾಕಬೇಕು. ತೂಕಡಿಸಿದ್ದರೆ ಅದನ್ನೂ ಬರೆಯಲಿ. ನಿದ್ದೆ ಹತ್ತುವ ಗಳಿಗೆಯಲ್ಲಿ ದನಿ ಕೇಳುವುದು ಸಾಮಾನ್ಯ.

ಧ್ವನಿ_ಗ್ರಾಹಕ:
ರೆಕಾರ್ಡಿಂಗ್ ಕೇಳುವಾಗಲೂ ಅದೇ ನಿಯಮ. ಅನುಮಾನದ ತುಣುಕನ್ನು 10 ಸೆಕೆಂಡ್ ಕತ್ತರಿಸಿ, ಅದರ ಜೊತೆ ಏನೂ ಇಲ್ಲದ ಐದು ತುಣುಕು ಬೆರೆಸಿ, ಅಲ್ಲಿಗೆ ಬಾರದ ಮೂವರಿಗೆ ಕಳಿಸಿ. ಏನು ಕೇಳುತ್ತದೆ ಎಂದು ನೀವು ಹೇಳಬಾರದು. ಮೂವರೂ ಅದೇ ಮಾತು ಬರೆದರೆ ಮಾತ್ರ ಮುಂದಿನ ಚರ್ಚೆ.

ಮುದ್ದೇಬಿಹಾಳ_ಮಂದಿ:
ನಕ್ಷಾ ಮಾಡೂದಂತೂ ಮಾಡ್ತೀರಿ. ಯಾವ ಜಂತಿ ಕೊಳತೈತಿ, ಯಾವ ಗ್ವಾಡಿ ಉಬ್ಬೇತಿ, ಹಗೇವು ಎಲ್ಲೆಲ್ಲಿ ಬಾಯಿ ತಗದೈತಿ, ಎಲ್ಲಾ ಅದರಾಗ ಬರದು ಒಂದು ಪ್ರತಿ ಆ ಮನಿತನದವರಿಗೆ ಕೊಡ್ರಿ. ಹಗಲೊತ್ತು ಊರ ಹುಡುಗ್ರು ಅಲ್ಲೇ ಆಡತಿರ್ತಾವ. ಬಾಯಿ ತಗದ ಹಗೇವಿಗೆ ಹಾಸಗಲ್ಲು ಎಳದು ಮುಚ್ಚಾಕ ನಾಲ್ಕ ಮಂದಿ ಸಾಕು, ನೀವು ಆರ ಮಂದಿ ಅದೀರಿ.

ಕತ್ತಲ_ದಾರಿ:
ಮಾಡ್ತೀವ್ರಿ ಅಣ್ಣಾರ. ಮೊದಲ ಶನಿವಾರವೇ ಅದನ್ನು ಮುಗಿಸಿ, ಆಮೇಲೆ ಯಂತ್ರ ಇಳಿಸುತ್ತೇವೆ. ಐಸ್‌ನಲ್ಲಿ ಸೆನ್ಸರ್ ಪರೀಕ್ಷಿಸಿದ ಅಂಕಿ, ಖಾಲಿ ರಾತ್ರಿಯ ಉಷ್ಣತೆಯ ಗ್ರಾಫ್ ಎರಡನ್ನೂ ಇಲ್ಲೇ ಹಾಕುತ್ತೇನೆ, ಕಾವಲಿಗೆ ಕೂರುವ ಮುಂಚೆ ನೋಡಿ ಹೇಳಿ.